ನಿಮಗಿದು ಗೊತ್ತೇ? ಮದರಾಸಿನ ದೊರೆಮನೆಗಳ ಬೇರು-ಬಿಳಲು

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚು ಪ್ರಾರ್ಥನೆಗೆ ತೆರೆದದ್ದು 1680ರ ಅಕ್ಟೋಬರ್ 28ರಂದು. ವಾರ ಕಳೆಯಿತೋ ಇಲ್ಲವೋ, ನವೆಂಬರ್ 4ಕ್ಕೆ ಅಲ್ಲಿ ಮೊದಲ ಮದುವೆ ನಡೆಯಿತು. ವರ ಎಲಿಹು ಯೇಲ್. ವಧು ಕ್ಯಾಥರೀನ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೋಸೆಫ್ ಹಿನ್ಮರ್ಸ್‌ನ ವಿಧವೆ. ಹೌದು, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು ಇವನೇ. ಹುಟ್ಟಿದ್ದು ಬಾಸ್ಟನ್, ಬೆಳೆದದ್ದು ಲಂಡನ್, ದುಡ್ಡು ಮಾಡಿದ್ದು ಮದರಾಸು, ಮಣ್ಣಾದದ್ದು ವೇಲ್ಸ್‌ನ ರೆಕ್ಸಮ್. ಮುಂದೆ ಆ ವಿಶ್ವವಿದ್ಯಾಲಯವಾದ ಕಾಲೇಜಿಗೆ ಅವನು ಕಳಿಸಿದ್ದು ಒಂಬತ್ತು ಮೂಟೆ ಸರಕು, 417 ಪುಸ್ತಕ, ಒಂದನೇ ಜಾರ್ಜ್ ದೊರೆಯದೊಂದು ಚಿತ್ರ. 1718ರಲ್ಲಿ ಕಾಲೇಜಿಗೆ ಅವನ ಹೆಸರು ಬಂತು. ಅವನು ಗವರ್ನರಾಗಿದ್ದ ಕಾಲದ ಮದರಾಸಿನಿಂದ ಗುಲಾಮರೂ ಹಡಗು ಹತ್ತಿದ್ದರು ಎಂಬುದು ಆ ದಾನದ ಲೆಕ್ಕಕ್ಕೆ ಸೇರಿಸಬೇಕಾದ ಇನ್ನೊಂದು ಬಾಬ್ತು.

● ಯೇಲ್ ದಂಪತಿಯ ಮಗ ಡೇವಿಡ್ 1688ರಲ್ಲಿ, ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವನನ್ನು ಮಣ್ಣು ಮಾಡಿದ್ದು ಹಿನ್ಮರ್ಸ್‌ನ ಗೋರಿಯಲ್ಲಿ. ಮೊದಲ ಗಂಡ, ಎರಡನೆಯ ಗಂಡನ ಮಗು, ಇಬ್ಬರಿಗೂ ಒಂದೇ ಸ್ಮಾರಕ. ಹಳೆಯ ಲಾ ಕಾಲೇಜಿನ ಆವರಣದಲ್ಲಿ ಆ ಚೂಪುಗೋಪುರ ಈಗಲೂ ಇದೆ.

● ಲಾ ಕಾಲೇಜಿಗೂ ಗೋರಿಗೂ ಏನು ನಂಟು ಅಂದಿರಾ? ಅದು ಮದರಾಸಿನ ಇಂಗ್ಲಿಷರ ಮೊದಲ ಸ್ಮಶಾನ. 1758-59ರಲ್ಲಿ ಫ್ರೆಂಚ್ ದಳಪತಿ ಲಾಲಿ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಸೈನಿಕರು ಆ ದೊಡ್ಡ ದೊಡ್ಡ ಗೋರಿಗಳ ಮರೆಯಲ್ಲಿ ನಿಂತು ಗುಂಡು ಹಾರಿಸಿದರು. ಮುತ್ತಿಗೆ ಮುರಿದ ಮೇಲೆ ಕಂಪನಿ ಹಿನ್ಮರ್ಸ್‌ನದರಂಥ ಒಂದೆರಡನ್ನು ಬಿಟ್ಟು ಉಳಿದ ಗೋರಿಗಳನ್ನೆಲ್ಲ ಕೆಡವಿ, ಬರಹವಿದ್ದ ಕಲ್ಲುಗಳನ್ನು ಕೋಟೆಯೊಳಕ್ಕೆ ತಂದು ಚರ್ಚಿನ ಸುತ್ತ ಹಾಸಿಬಿಟ್ಟಿತು. ಅಲ್ಲಿಗೂ ಅವಕ್ಕೆ ನೆಮ್ಮದಿ ಸಿಗಲಿಲ್ಲ. ನಮ್ಮ ಹೈದರಾಲಿಯ ದಂಡು ಮದರಾಸಿನ ಕಡೆ ಬಂದಾಗ ಎಷ್ಟೋ ಕಲ್ಲುಗಳನ್ನು ಮತ್ತೆ ಕಿತ್ತು ಕೋಟೆಗೋಡೆಯ ಮೇಲೆ ಫಿರಂಗಿಗಳಿಗೆ ಹಾಸುಗಲ್ಲಾಗಿ ಇಟ್ಟರು. ಯಾರದೋ ಮುತ್ತಜ್ಜನ ಹೆಸರಿನ ಮೇಲೆ ಫಿರಂಗಿ ಗಾಲಿ ಉರುಳಿತು. ಇವತ್ತು ಚರ್ಚಿನ ಅಂಗಳದಲ್ಲಿ ಕಾಲಿಡುವ ಕಲ್ಲಿನ ಕೆಳಗೆ ಆ ಕಲ್ಲಿನವರು ಯಾರೂ ಇಲ್ಲ. ವಂಶ ಹುಡುಕಿಕೊಂಡು ಬರುವವರು ಇದನ್ನು ಮೊದಲು ತಿಳಿದುಕೊಂಡರೆ ಒಳ್ಳೆಯದು. ಆ ಕಲ್ಲುಗಳಲ್ಲಿ 1652ರ ಎಲಿಜಬೆತ್ ಬೇಕರ್‌ಳದು ಭಾರತದಲ್ಲೇ ಅತಿ ಹಳೆಯ ಇಂಗ್ಲಿಷ್ ಗೋರಿಗಲ್ಲು ಎನ್ನುತ್ತಾರೆ. ಆಕೆ ಕೋಟೆಯ ಅಧ್ಯಕ್ಷ ಆರನ್ ಬೇಕರ್‌ನ ಹೆಂಡತಿ. ಮದರಾಸಿಗೆ ಬರುವ ದಾರಿಯಲ್ಲಿ ಸಮುದ್ರದ ಮೇಲೇ ಸತ್ತಳು.

● ಕೋಲ್ಕತ್ತ ಕಟ್ಟಿದವನೆಂದು ಹೆಸರಾದ ಜಾಬ್ ಚಾರ್ನಾಕ್ ತನ್ನ ಮೂವರು ಹೆಣ್ಣುಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದು ಮದರಾಸಿನಲ್ಲಿ, ಇದೇ ಸೇಂಟ್ ಮೇರೀಸ್‌ನಲ್ಲಿ, 1689ರ ಆಗಸ್ಟ್‌ನಲ್ಲಿ. ಚರ್ಚಿನ ಪುಸ್ತಕದಲ್ಲಿ ಮಕ್ಕಳ ಹೆಸರಿದೆ: ಮೇರಿ, ಎಲಿಜಬೆತ್, ಕ್ಯಾಥರೀನ್. ತಂದೆಯ ಹೆಸರಿದೆ. ತಾಯಿಯದಿಲ್ಲ. ಆಕೆ ಭಾರತದವಳು. ಮುನ್ನೂರು ವರ್ಷದ ಮದರಾಸಿನ ವಂಶಾವಳಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಖಾಲಿ ಜಾಗ ಇದು.

● ಅದೇ ಚಾರ್ನಾಕ್‌ನ ಕೋಲ್ಕತ್ತದ ಗೋರಿಗೆ ಕಲ್ಲು ಹೋದದ್ದು ಮದರಾಸಿನ ಪಲ್ಲಾವರಂ ಕಡೆಯಿಂದ. ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಆ ಜಾತಿಯ ಬಂಡೆಗೆ ಗೋರಿಯ ಯಜಮಾನನ ಹೆಸರನ್ನೇ ಇಟ್ಟು ‘ಚಾರ್ನೊಕೈಟ್’ ಎಂದ. ನಮ್ಮ ಬಿಳಿಗಿರಿರಂಗನ ಬೆಟ್ಟ ನಿಂತಿರುವುದೂ ಅದೇ ಕಲ್ಲಿನ ಮೇಲೆ.

● ಮಗು ಹುಟ್ಟಿದರೆ ಕಂಪನಿಯಿಂದ ಒಂದು ವರಹ! 1687ರಲ್ಲಿ ಲಂಡನ್ನಿನ ನಿರ್ದೇಶಕರು ಮದರಾಸಿಗೆ ಬರೆದ ಪತ್ರದಲ್ಲಿ ಈ ಯೋಜನೆಯಿದೆ. ಕೋಟೆಯ ಬಿಳಿ ಸೈನಿಕರು ದೇಶೀ ಹೆಂಗಸರನ್ನು ಮದುವೆಯಾಗಲಿ. ಹುಟ್ಟಿದ ಮಗುವಿಗೆ ದೀಕ್ಷಾಸ್ನಾನವಾದ ದಿನ ತಾಯಿಯ ಕೈಗೆ ಒಂದು ವರಹ ಕೊಡೋಣ ಎಂದು. ಉದಾರತನ ಎಂದುಕೊಳ್ಳಬೇಡಿ. ಸೈನಿಕರು ಪೋರ್ಚುಗೀಸ್ ಮೂಲದ ಕೆಥೊಲಿಕ್ ಹೆಂಗಸರನ್ನು ಕಟ್ಟಿಕೊಂಡು ಮಕ್ಕಳು ರೋಮಿನ ಕಡೆ ಹೋಗುತ್ತಾರೆಂಬ ದಿಗಿಲು ಒಂದು ಕಡೆ, ಇಂಗ್ಲೆಂಡಿನಿಂದ ಸೈನಿಕರನ್ನು ತರಿಸುವ ಖರ್ಚು ಇನ್ನೊಂದು ಕಡೆ.

● ನೂರು ವರ್ಷ ಕಳೆದ ಮೇಲೆ ಗಾಳಿ ತಿರುಗಿತು. 1791ರಲ್ಲಿ ಅದೇ ಕಂಪನಿ, ತಾಯಿ ಅಥವಾ ತಂದೆ ದೇಶೀಯರಾಗಿದ್ದವರಿಗೆ ತನ್ನ ಆಡಳಿತ, ಸೈನ್ಯ, ನೌಕಾಸೇವೆಯ ಬಾಗಿಲು ಮುಚ್ಚಿತು. 1795ರಲ್ಲಿ ಇನ್ನಷ್ಟು ಬಿಗಿ ಮಾಡಿ, ಸೈನ್ಯದಲ್ಲಿ ಅಂಥವರಿಗೆ ಉಳಿಸಿದ್ದು ನಗಾರಿ ಬಾರಿಸುವುದು, ಕೊಳಲೂದುವುದು, ಬ್ಯಾಂಡಿನ ಕೆಲಸ, ಕುದುರೆಗೆ ಲಾಳ ಕಟ್ಟುವುದು. ಆದ್ದರಿಂದ ಹಳೆಯ ಮದರಾಸು ದಂಡಿನ ಪಟ್ಟಿಯಲ್ಲಿ ‘ಡ್ರಮ್ಮರ್’ ಎಂದಿದ್ದರೆ ಅವನ ತಾಯಿಯ ಊರನ್ನು ಇಂಗ್ಲೆಂಡಿನಲ್ಲಿ ಹುಡುಕುವ ಮೊದಲು ಇಲ್ಲೇ ಹುಡುಕುವುದು ಜಾಣತನ.

● ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ‘ಮದ್ರಾಸ್ ಕಾಲೇಜ್’ ಎಂಬ ಶಾಲೆಯಿದೆ. ಅಲ್ಲಿ ತಮಿಳರ ಸುಳಿವಿಲ್ಲ! ಆ ಹೆಸರಿನ ಮೂಲ ಅದೇ ಊರಿನವನಾದ ಪಾದ್ರಿ ಆಂಡ್ರ್ಯೂ ಬೆಲ್. ಅವನು 1789ರಲ್ಲಿ ಮದರಾಸಿನ ಎಗ್ಮೋರಿನ ಸೈನಿಕ ಅನಾಥಾಲಯದ ಹೊಣೆ ಹೊತ್ತ. ಬಿಳಿ ಸೈನಿಕರಿಗೂ ದೇಶೀ ತಾಯಂದಿರಿಗೂ ಹುಟ್ಟಿದ ಹುಡುಗರ ಆಶ್ರಯ ಅದು. ಒಮ್ಮೆ ಜಗಲಿಶಾಲೆಯೊಂದರ ಮಕ್ಕಳು ಮರಳ ಮೇಲೆ ಬೆರಳಿಂದ ಅಕ್ಷರ ತೀಡುವುದನ್ನು ನೋಡಿ ತನ್ನ ಶಾಲೆಗೂ ಮರಳು ತರಿಸಿದ. ಮೇಷ್ಟ್ರುಗಳು ಒಪ್ಪಲಿಲ್ಲ, ಸರಿ, ಬಲ್ಲ ಹುಡುಗನೇ ಬರದವನಿಗೆ ಕಲಿಸಲಿ ಎಂದ. ಕೂಲಿಮಠದಲ್ಲಿ ಓದಿದ ನಮ್ಮ ಅಜ್ಜಂದಿರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ಆದರೆ 1797ರಲ್ಲಿ ಬೆಲ್ ಇದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡಮಕ್ಕಳ ಎಷ್ಟೋ ಶಾಲೆಗಳನ್ನು ಆವರಿಸಿತು. ಬೆಲ್‌ನ ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಜಗಲಿಶಾಲೆಯ ಮೇಷ್ಟ್ರ ಹೆಸರು ಯಾರೂ ಬರೆದಿಡಲಿಲ್ಲ.

● ಈಗ ಅದೇ ಸೇಂಟ್ ಆಂಡ್ರೂಸಿನ ಇನ್ನೊಬ್ಬ. ಹ್ಯೂ ಕ್ಲೆಗಾರ್ನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಚರಿತ್ರೆಯ ಪ್ರಾಧ್ಯಾಪಕ. ಒಳಗೊಳಗೆ ಬ್ರಿಟಿಷ್ ಸರ್ಕಾರದ ಗೂಢಚಾರ. ಆಗ ಡಚ್ಚರ ಸಿಲೋನನ್ನು ಕಾಯುತ್ತಿದ್ದದ್ದು ಸ್ವಿಸ್ ಕೌಂಟ್ ಶಾರ್ಲ್-ಡೇನಿಯಲ್ ದ ಮ್ಯೂರೊನ್ 1781ರಲ್ಲಿ ಕಟ್ಟಿದ ಬಾಡಿಗೆ ದಂಡು. ದಂಡು ಎಂದರೆ ಅಕ್ಷರಶಃ ಅವನ ಸ್ವಂತ ಆಸ್ತಿ. ಕ್ಲೆಗಾರ್ನ್ 1795ರಲ್ಲಿ ನ್ಯೂಶಾಟೆಲ್‌ಗೆ ಹೋಗಿ ಕೌಂಟನ ಜೊತೆ ವ್ಯಾಪಾರ ಕುದುರಿಸಿ, ದಂಡನ್ನೇ ಬ್ರಿಟಿಷರ ಕಡೆ ತಿರುಗಿಸಿದ. ಕೊಲಂಬೊ ಕೋಟೆಯೊಳಗೆ ದಂಡಿನ ನಾಯಕನಾಗಿದ್ದ ಕೌಂಟನ ತಮ್ಮನಿಗೆ ಸುದ್ದಿ ಮುಟ್ಟಿಸಲು ಪತ್ರವನ್ನು ಚೀಸ್ ಗಡ್ಡೆಯೊಳಗೆ ಹುದುಗಿಸಿ ಕಳಿಸಿದರೆಂಬ ಕಥೆಯಿದೆ. 1796ರ ಫೆಬ್ರವರಿಯಲ್ಲಿ ಕೊಲಂಬೊ ಬ್ರಿಟಿಷರ ಕೈಸೇರಿತು.

ಆ ಸ್ವಿಸ್ ದಂಡು ಆಮೇಲೆ ಮದರಾಸಿಗೆ ಬಂತು. 1799ರಲ್ಲಿ ಟಿಪ್ಪುವಿನ ಮೇಲೆ ಹೋದ ಸೈನ್ಯದಲ್ಲಿ ಅದೂ ಇತ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನ ನೋಡಿದ್ದೀರಾ? ಅಲ್ಲಿ ದ ಮ್ಯೂರೊನ್ ದಂಡಿನವರ ಗೋರಿಗಳಿವೆ. ಮುಳ್ಳುಕಂಟಿ ಬೆಳೆದು ಹಾಳುಬಿದ್ದಿದ್ದ ಆ ಜಾಗವನ್ನು ಈ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಅದೇ ಮನೆತನದ ವಂಶಸ್ಥರು ಮುಂದೆ ನಿಂತು ದುರಸ್ತಿ ಮಾಡಿಸಿದರು. ದಂಡು ಮಾತ್ರ ಇಲ್ಲಿ ನಿಲ್ಲಲಿಲ್ಲ. 1806ರಲ್ಲಿ ಭಾರತ ಬಿಟ್ಟು ಮಾಲ್ಟಾ, 1813ರಲ್ಲಿ ಕೆನಡಾ, 1816ರಲ್ಲಿ ವಿಸರ್ಜನೆ. ಅಷ್ಟರಲ್ಲಿ ಹಳಬರಿಗಿಂತ ನಡುವೆ ಸೇರಿದ ಹೊಸಬರೇ ಹೆಚ್ಚಾಗಿದ್ದರು. ಅವರಲ್ಲೊಂದು ಗುಂಪು ಅಲ್ಲಿ ವಸಾಹತು ಕಟ್ಟುತ್ತಿದ್ದ ಲಾರ್ಡ್ ಸೆಲ್ಕರ್ಕ್‌ನ ಬೆನ್ನುಹಿಡಿದು ಇಂದಿನ ವಿನಿಪೆಗ್ ಇರುವ ರೆಡ್ ರಿವರ್ ದಂಡೆಯಲ್ಲಿ ನೆಲಸಿ, 1826ರ ಮಹಾಪ್ರವಾಹಕ್ಕೆ ಹೆದರಿ ಅಮೆರಿಕದ ಕಡೆ ಗುಳೆ ಹೋಯಿತು. ಕಾವೇರಿಯಿಂದ ರೆಡ್ ರಿವರ್ ತನಕ ಒಂದೇ ದಂಡಿನ ಹೆಸರು!

● ಗೂಢಚಾರ ಪ್ರಾಧ್ಯಾಪಕನ ಮಗ ಪ್ಯಾಟ್ರಿಕ್ ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾದ. ಮೊಮ್ಮಗ ಹ್ಯೂ ಫ್ರಾನ್ಸಿಸ್ ಕ್ಲೆಗಾರ್ನ್ 1820ರಲ್ಲಿ ಮದರಾಸಿನಲ್ಲೇ ಹುಟ್ಟಿ, ಅಂದಿನ ವಾಡಿಕೆಯಂತೆ ಎಳವೆಯಲ್ಲೇ ಸ್ಕಾಟ್ಲೆಂಡಿನ ಅಜ್ಜನ ಮನೆ ಸೇರಿ, ಎಡಿನ್‌ಬರದಲ್ಲಿ ವೈದ್ಯ ಓದಿ 1842ರಲ್ಲಿ ಮದರಾಸು ಸೈನ್ಯದ ವೈದ್ಯನಾಗಿ ಮರಳಿದ. ಕೆಲಸ ಸಿಕ್ಕಿದ್ದು ನಮ್ಮ ಶಿವಮೊಗ್ಗದಲ್ಲಿ. ರೋಗಿಗಳಿಗಿಂತ ಗಿಡಗಳ ಮೇಲೆ ಅವನಿಗೆ ಪ್ರೀತಿ ಜಾಸ್ತಿ. ಇಲ್ಲಿನ ಚಿತ್ರಕಾರನನ್ನು ಇಟ್ಟುಕೊಂಡು ಮಲೆನಾಡಿನ ಸಸ್ಯಗಳ ಚಿತ್ರ ಬರೆಸಿದ. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಕನಾದ. ರೈಲು ಹಲಗೆಗೂ ಹಡಗಿಗೂ ಮರ ಕಡಿಯುವವರನ್ನು ತಡೆಯಬೇಕೆಂದ, ನಿಜ. ಜೊತೆಗೆ ಕಾಡು ಕಡಿದು ಸುಟ್ಟು ಬಿತ್ತುವ ಮಲೆನಾಡಿನವರ ಕುಮರಿ ಬೇಸಾಯಕ್ಕೂ ಅಡ್ಡ ನಿಂತ. ಅವನನ್ನು ಭಾರತದ ಅರಣ್ಯಶಾಸ್ತ್ರದ ಹಿರಿಯ ಎಂದು ಹೊಗಳುವ ಬರಹಗಳು ಕುಮರಿಯವರ ಮಾತು ಬಂದಾಗ ಯಾಕೋ ಚುಟುಕಾಗುತ್ತವೆ.

● ಶ್ರೀರಂಗಪಟ್ಟಣದ ದಿ ಹ್ಯಾವಿಲೆಂಡ್ ಕಮಾನು ಹಿರಿಯರ ಬಾಯಲ್ಲಿ ಕೇಳಿರಬಹುದು. ಗರ್ನ್ಸಿ ದ್ವೀಪದ ಥಾಮಸ್ ಫಿಯಟ್ ದಿ ಹ್ಯಾವಿಲೆಂಡ್ ಮದರಾಸು ಎಂಜಿನಿಯರ್ಸ್ ದಳದವನು. ಕಾವೇರಿಗೆ ಇಟ್ಟಿಗೆಯಲ್ಲೇ ಅಗಲ ಕಮಾನಿನ ಸೇತುವೆ ಕಟ್ಟಬಹುದು ಎಂದ, ಮೇಲಿನವರು ನಂಬಲಿಲ್ಲ. ಹಟಕ್ಕೆ ಬಿದ್ದು 1808ರಲ್ಲಿ ತನ್ನ ಬಂಗಲೆಯ ತೋಟದಲ್ಲೇ ಸುಮಾರು ನೂರಡಿ ಅಗಲದ ಕಮಾನು ಕಟ್ಟಿ ತೋರಿಸಿದ. ಮರುವರ್ಷ ಭತ್ಯೆಯ ಜಗಳದಲ್ಲಿ ಮದರಾಸು ಸೈನ್ಯದ ಬಿಳಿ ಅಧಿಕಾರಿಗಳೇ ಗವರ್ನರ್ ಬಾರ್ಲೋ ವಿರುದ್ಧ ದಂಗೆಯೆದ್ದಾಗ ಇವನೂ ಅವರೊಡನೆ ಸೇರಿ ಕೆಲಸ ಕಳೆದುಕೊಂಡ, ಆಮೇಲೆ ಮರಳಿ ಪಡೆದ. ಮದರಾಸಿಗೆ ಹೋಗಿ ಸೇಂಟ್ ಜಾರ್ಜ್ ಕೆಥೆಡ್ರಲ್ ಕಟ್ಟಿದ. 1821ರಲ್ಲಿ ಪ್ರಾರ್ಥನೆಗೆ ತೆರೆದ ಎಗ್ಮೋರಿನ ದುಂಡನೆಯ ಸೇಂಟ್ ಆಂಡ್ರೂಸ್ ಕರ್ಕ್ ಕೂಡ ಅವನದೇ. ಜೌಗು ನೆಲವಾದ್ದರಿಂದ ಅದರ ಪಾಯಕ್ಕೆ ಬಾವಿಗಳನ್ನು ಇಳಿಸಿದ್ದಾನೆ. ಶ್ರೀರಂಗಪಟ್ಟಣದ ಕಮಾನು 1930ರ ದಶಕದ ತನಕ ನಿಂತಿತ್ತು. ನಂಬದವರೆಲ್ಲ ಆ ಹೊತ್ತಿಗೆ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ವಿಮಾನ ತಯಾರಿಸಿದ ಜೆಫ್ರಿ ದಿ ಹ್ಯಾವಿಲೆಂಡ್, ‘ಗಾನ್ ವಿತ್ ದ ವಿಂಡ್’ ಚಿತ್ರದ ನಟಿ ಒಲಿವಿಯಾ ದಿ ಹ್ಯಾವಿಲೆಂಡ್ ಇಬ್ಬರ ಬೇರೂ ಅದೇ ಗರ್ನ್ಸಿ ಮನೆತನಕ್ಕೆ ಹೋಗುತ್ತದೆ.

● ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ 1800ರಲ್ಲಿ ಬಂದಿಳಿದದ್ದು ಮದರಾಸು ಸೈನ್ಯದ ಕೆಡೆಟ್ ಆಗಿ. ಮೈಸೂರಿನ ಚರಿತ್ರೆ ಬರೆದ, ಇಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅವನ ಸೋದರಮಾವ. ಸೋದರಮಾವನ ವಶೀಲಿ ಆಗಲೂ ಇತ್ತು! ಕಬ್ಬನ್ ಅರವತ್ತು ವರ್ಷ ಊರಿಗೇ ಹೋಗದೆ ಇಲ್ಲಿ ದುಡಿದು, 1861ರಲ್ಲಿ ಹೊರಟವನು ಸೂಯೆಜ್‌ನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ, ವಂಶಾವಳಿ ಅಲ್ಲಿಗೇ ನಿಂತಿತು.

● ಮದರಾಸಿನ ಏಳುಬಾವಿ ಕೇಳಿದ್ದೀರಾ? ಕೋಟೆಗೆ ಕುಡಿಯುವ ನೀರು ಬರುತ್ತಿದ್ದದ್ದು ಅಲ್ಲಿಂದ. ಹೈದರಾಲಿಯ ಯುದ್ಧಕಾಲದಲ್ಲಿ ಆ ಬಾವಿಗಳಿಗೆ ವಿಷ ಹಾಕುವ ಸಂಚು ಜಾನ್ ನಿಕೊಲಸ್ ಎಂಬವನ ಕಿವಿಗೆ ಬಿದ್ದು, ಅವನು ಸುಳಿವು ಕೊಟ್ಟನಂತೆ. ಬಹುಮಾನವಾಗಿ ಬಾವಿ ನೋಡಿಕೊಳ್ಳುವ ಕೆಲಸ, ತಿಂಗಳಿಗೆ ಹತ್ತು ವರಹ, ಅವನಿಗೂ ಅವನ ವಂಶಕ್ಕೂ. ಸಂಚು ಎಷ್ಟು ನಿಜವೋ ಹೈದರನೇ ಹೇಳಬೇಕು. ಕೆಲಸವಂತೂ ನಿಜ: ಆ ಮನೆಯವರು 1925ರವರೆಗೂ ಅದನ್ನು ಬಿಡಲಿಲ್ಲ. ಶಾನುಭೋಗಿಕೆ ಮನೆಗಳಿಗೂ ಹೊಟ್ಟೆಕಿಚ್ಚಾಗುವ ಉಂಬಳಿ.

● 1753ರ ಫೆಬ್ರವರಿ ಕೋರಮಂಡಲ ಕರಾವಳಿಯಲ್ಲಿ ಮದುವೆಯ ತಿಂಗಳು. 18ರಂದು ಸೇಂಟ್ ಮೇರೀಸ್‌ನಲ್ಲಿ ರಾಬರ್ಟ್ ಕ್ಲೈವ್ ಮಾರ್ಗರೆಟ್ ಮ್ಯಾಸ್ಕೆಲಿನ್‌ಳ ಕೈಹಿಡಿದ. ಅದೇ ತಿಂಗಳು ಕಡಲೂರಿನಲ್ಲಿ ಕಂಪನಿಯ ವೈದ್ಯ ಹ್ಯಾನ್‌ಕಾಕ್‌ಗೂ ಫಿಲಡೆಲ್ಫಿಯಾ ಆಸ್ಟನ್‌ಗೂ ಮದುವೆ. ತಂದೆತಾಯಿ ಇಲ್ಲದ, ವರದಕ್ಷಿಣೆಗೆ ಕಾಸಿಲ್ಲದ ಫಿಲಡೆಲ್ಫಿಯಾ ಗಂಡು ಹುಡುಕಿಕೊಂಡೇ ಹಡಗು ಹತ್ತಿದ್ದಳು. ಕಾದಂಬರಿಕಾರ್ತಿ ಜೇನ್ ಆಸ್ಟನ್‌ಗೆ ಈಕೆ ಸೋದರತ್ತೆ.

● ನೆಪೋಲಿಯನ್ನನನ್ನು ಸೋಲಿಸಿದ ಕಾಲದ ಬ್ರಿಟಿಷ್ ಪ್ರಧಾನಿ ಲಾರ್ಡ್ ಲಿವರ್‌ಪೂಲ್. ಅವನ ತಾಯಿಯ ತಾಯಿ ಫ್ರಾನ್ಸಿಸ್ 1725ರಲ್ಲಿ ಹುಟ್ಟಿದ್ದು ಇದೇ ಕೋರಮಂಡಲ ಕರೆಯಲ್ಲಿ. ಕಡಲೂರಿನ ಸೇಂಟ್ ಡೇವಿಡ್ ಕೋಟೆಯ ಗವರ್ನರ್ ಕ್ರೂಕ್‌ನ ಮಗಳು. ಅವಳ ತಾಯಿ ಇಸಬೆಲಾ ಬೈಜರ್ ಪೋರ್ಚುಗೀಸ್-ಭಾರತೀಯ ಬೆರಕೆಯವಳು ಎನ್ನುತ್ತಾರೆ. ಫ್ರಾನ್ಸಿಸ್ ನಾಲ್ಕು ಮದುವೆಯಾಗಿ, ‘ಬೇಗಂ ಜಾನ್ಸನ್’ ಎಂದು ಕೋಲ್ಕತ್ತದಲ್ಲಿ ಮೆರೆದು, 1812ರ ಫೆಬ್ರವರಿಯಲ್ಲಿ ತೀರಿಕೊಂಡಳು. ಮೊಮ್ಮಗ ಪ್ರಧಾನಿಯಾದದ್ದು ಅದೇ ಜೂನ್‌ನಲ್ಲಿ.

● ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಹುಟ್ಟಿದ್ದು ಮದರಾಸಿನಲ್ಲಿ, 1764ರಲ್ಲಿ. ತಂದೆ ಮದರಾಸು ದಂಡಿನ ಕರ್ನಲ್. ಜೇಮ್ಸ್ ಮದುವೆಯಾದದ್ದು ಹೈದರಾಬಾದಿನ ಕುಲೀನ ಮನೆಯ ಖೈರುನ್ನಿಸಾಳನ್ನು. ಅವರ ಎರಡು ಮಕ್ಕಳು, ಸಾಹಿಬ್ ಆಲಂ ಮತ್ತು ಸಾಹಿಬ್ ಬೇಗಂ, 1805ರಲ್ಲಿ ಮದರಾಸಿನಿಂದ ಹಡಗು ಹತ್ತಿದರು. ಹೊರಡುವ ಮುಂಚೆ ಚಿತ್ರಕಾರ ಜಾರ್ಜ್ ಚಿನರಿ ಇಬ್ಬರನ್ನೂ ಹೈದರಾಬಾದಿ ಉಡುಪಿನಲ್ಲಿ ಚಿತ್ರಿಸಿದ. ಇಂಗ್ಲೆಂಡ್ ಮುಟ್ಟಿದ ಮೇಲೆ ಅವರು ವಿಲಿಯಂ ಜಾರ್ಜ್, ಕ್ಯಾಥರೀನ್ ಅರೋರಾ. ತಂದೆ ಅದೇ ಅಕ್ಟೋಬರ್‌ನಲ್ಲಿ ಸತ್ತ; ತಾಯಿ ಮಕ್ಕಳನ್ನು ಮತ್ತೆ ನೋಡಲೇ ಇಲ್ಲ. 1841ರಲ್ಲಿ, ನಡುವಯಸ್ಸು ತಲುಪಿದ್ದ ಕ್ಯಾಥರೀನ್‌ಗೂ ಹೈದರಾಬಾದಿನ ಅಜ್ಜಿ ಶರಫುನ್ನಿಸಾಗೂ ಪತ್ರ ಸಂಪರ್ಕ ಕೂಡಿಬಂತು. ದಾಖಲೆಯಲ್ಲಿ ತಾಯಿಯ ಕಡೆಯ ದನಿ ಕೇಳಿಸುವ ಅಪರೂಪದ ವಂಶಾವಳಿಯಿದು.

● ಟಿಪ್ಪುವಿನ ಮಕ್ಕಳೂ ವಲಸೆ ಹೋದವರೇ, ಬಂದೂಕಿನ ಕಾವಲಿನಲ್ಲಿ. 1799ರ ಬಳಿಕ ಶ್ರೀರಂಗಪಟ್ಟಣದಿಂದ ವೆಲ್ಲೂರು ಕೋಟೆಗೆ; 1806ರ ಜುಲೈ 10ರ ಸಿಪಾಯಿ ದಂಗೆಯ ಮೇಲೆ ಅಲ್ಲಿಂದ ಕೋಲ್ಕತ್ತಕ್ಕೆ.

● ಮದರಾಸಿನಲ್ಲಿ ಸತ್ತ ಅಜ್ಜನನ್ನು ಹುಡುಕಲು ಲಂಡನ್ನಿಗೆ ಹೋಗಬೇಕು! ಮದರಾಸು ಪ್ರಾಂತ್ಯದ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಹೂಳಿದ್ದರ ಪ್ರತಿಗಳನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಬ್ರಿಟಿಷ್ ಲೈಬ್ರರಿಯಲ್ಲಿ 1698ರಿಂದ ಅವು ಸಾಲಾಗಿ ಇವೆ, ‘ಎನ್/2’ ಎಂಬ ಗುರುತಿನಲ್ಲಿ. ಅಧಿಕಾರಿಯಾದರೆ ಕೆಡೆಟ್ ಕಾಗದಪತ್ರ ನೋಡಿ. ಸೇರುವಾಗ ದೀಕ್ಷಾಸ್ನಾನದ ಪ್ರಮಾಣಪತ್ರ ಕೊಡಲೇಬೇಕಿತ್ತು. ಸಾಮಾನ್ಯ ಸೈನಿಕನಾದರೆ ಹಾಜರಿ ಪಟ್ಟಿಯಲ್ಲಿ ಅವನ ಊರು, ಹಿಂದಿನ ಕಸುಬು, ಬಂದ ಹಡಗು ಸಿಗುತ್ತವೆ. ಗೋರಿ ಬರಹಗಳಿಗೆ ಜೂಲಿಯನ್ ಜೇಮ್ಸ್ ಕಾಟನ್‌ನ 1905ರ ಪಟ್ಟಿ, ಕೋಟೆಯ ಚರಿತ್ರೆಗೆ ಹೆನ್ರಿ ಡೇವಿಸನ್ ಲವ್‌ನ 1913ರ ಮೂರು ಸಂಪುಟ. ಲಂಡನ್ ದೂರವೆನಿಸಿದರೆ ಎಗ್ಮೋರಿನ ತಮಿಳುನಾಡು ಆರ್ಕೈವ್ಸ್‌ನ ಕೆಂಪು ಕಟ್ಟಡವಿದೆ. ಕಂಪನಿಯ ಆಡಳಿತ ಕಡತಗಳು ಅಲ್ಲಿ 1670ರ ದಶಕದಿಂದ ಸಿಗುತ್ತವೆ.

● ಪಲ್ಟನ್ನಿನ ಹೆಸರೂ ಕೈಕೊಡುತ್ತದೆ. ಕಂಪನಿಯ ಮದ್ರಾಸ್ ಯೂರೋಪಿಯನ್ ರೆಜಿಮೆಂಟು 1862ರಲ್ಲಿ ರಾಣಿಯ ಸೈನ್ಯದ 102ನೇ ಪಲ್ಟನ್ ಆಯಿತು. 1881ರಲ್ಲಿ ‘ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್’! ಐರ್ಲೆಂಡ್ ಸ್ವತಂತ್ರವಾದಾಗ, 1922ರಲ್ಲಿ, ಅದನ್ನು ಮುಚ್ಚಿದರು. ಅಜ್ಜನ ಪದಕದ ಮೇಲೆ ಡಬ್ಲಿನ್ ಎಂದಿದ್ದರೆ ಅವನ ಪಲ್ಟನ್ನಿನ ಹಿಂದಿನವರು ಆರ್ಕಾಟಿನಲ್ಲಿ ಕಾದಿರಬಹುದು.

● ತದ್ವಿರುದ್ಧವಾಗಿ, 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಇವತ್ತಿಗೂ ಹೆಸರಿನಲ್ಲಿ ಮದ್ರಾಸು, ಮನೆ ಮಾತ್ರ ಬೆಂಗಳೂರಿನ ಹಲಸೂರು, 1834ರಿಂದ. ಬೆಂಗಳೂರು ದಂಡಿನ ತಮಿಳು ಕುಟುಂಬಗಳಲ್ಲಿ ಎಷ್ಟೋ ಮದರಾಸು ಸೈನ್ಯದ ಹಿಂದೆ ನಡೆದು ಬಂದವು; ಅವರ ವಂಶಾವಳಿಗೆ ಲಂಡನ್ನಿನಲ್ಲಿ ಬೀರು ಇಟ್ಟವರಿಲ್ಲ.

● 1850ರ ದಶಕದಲ್ಲಿ ಸಿಡ್ನಿಯ ‘ಎಂಪೈರ್’ ಪತ್ರಿಕೆಗೆ ಅಚ್ಚುಮೊಳೆ ಜೋಡಿಸಲು ಮದರಾಸಿನಿಂದ ಯುರೇಷಿಯನ್ ಹುಡುಗರನ್ನು ಕರೆಸಿಕೊಂಡಿದ್ದರು. ಆ ಪತ್ರಿಕೆಯ ಒಡೆಯ ಹೆನ್ರಿ ಪಾರ್ಕ್ಸ್ ಮುಂದೆ ನ್ಯೂ ಸೌತ್ ವೇಲ್ಸ್‌ಗೆ ಐದು ಸಲ ಪ್ರಧಾನಿಯಾದ.

● ಎಲ್ಲರೂ ಸಮುದ್ರ ದಾಟಲಿಲ್ಲ. ಮದರಾಸಿನಲ್ಲಿ ಆಂಗ್ಲೋ-ಇಂಡಿಯನ್ನರ ಸಂಘ ಕಟ್ಟಿದ ಡಿ. ಎಸ್. ವೈಟ್, ತನ್ನವರು ಗುಮಾಸ್ತಗಿರಿ ಬಿಟ್ಟು ನೇಗಿಲು ಹಿಡಿಯಲಿ ಎಂದು ಬಯಸಿದ. ಚಾಮರಾಜೇಂದ್ರ ಒಡೆಯರು 1882ರಲ್ಲಿ ಬೆಂಗಳೂರಿನ ಹೊರಗೆ 3,900 ಎಕರೆ ಕೊಟ್ಟರು. ಅದೇ ವೈಟ್‌ಫೀಲ್ಡ್. ಈಗ ಅಲ್ಲಿ ಯಾರೂ ನೇಗಿಲು ಹಿಡಿಯುವುದಿಲ್ಲ. ಸಿಗ್ನಲ್ಲಿನಲ್ಲಿ ಸ್ಟೀರಿಂಗ್ ಹಿಡಿದು ಕೂರುತ್ತಾರೆ.

● ಸಂವಿಧಾನದ 366(2)ನೇ ವಿಧಿ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುತ್ತದೆ: ತಂದೆ, ಅಥವಾ ತಂದೆಯ ಕಡೆಯ ಗಂಡು ಪೂರ್ವಜರಲ್ಲಿ ಒಬ್ಬ, ಯೂರೋಪ್ ಮೂಲದವನಾಗಿರಬೇಕು. ತಾಯಿಯ ಕಡೆಯ ನಂಟು ಲೆಕ್ಕಕ್ಕಿಲ್ಲ. ಲೋಕಸಭೆಯಲ್ಲಿ ಅವರಿಗಿದ್ದ ಎರಡು ನಾಮಕರಣ ಸ್ಥಾನಗಳು 2020ರ ಜನವರಿಯಲ್ಲಿ ಕೊನೆಗೊಂಡವು.

● ಎಪ್ಪತ್ತರ ದಶಕದಲ್ಲಿ ರೇಡಿಯೋ ಸಿಲೋನಿನಲ್ಲಿ ಕೇಳುತ್ತಿದ್ದ ಗಾಯಕ ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ ನಿಜನಾಮ ಆರ್ನಾಲ್ಡ್ ಜಾರ್ಜ್ ಡಾರ್ಸಿ, ಹುಟ್ಟೂರು ಮದರಾಸು, 1936. ತಂದೆ ಬ್ರಿಟಿಷ್ ಸೈನ್ಯದವರು. ಹುಡುಗನಿಗೆ ಹತ್ತು ವರ್ಷವಾದಾಗ ಮನೆಯವರೆಲ್ಲ ಲೆಸ್ಟರ್‌ಗೆ ಹೋದರು. ಮದರಾಸಿನಲ್ಲೇ 1941ರಲ್ಲಿ ಹುಟ್ಟಿದ ಇನ್ನೊಂದು ಮಗು, ಯುದ್ಧ ಮುಗಿದ 1945ರಲ್ಲಿ, ‘ಜಾರ್ಜಿಕ್’ ಹಡಗಿನಲ್ಲಿ ಲಿವರ್‌ಪೂಲ್ ಸೇರಿತು. ಆ ಮಗುವೇ ಪೀಟ್ ಬೆಸ್ಟ್, ಬೀಟಲ್ಸ್ ತಂಡದ ಡ್ರಮ್ಮರ್. 1962ರ ಆಗಸ್ಟ್‌ನಲ್ಲಿ, ಮೊದಲ ಹಿಟ್ ಹಾಡಿಗೆ ಸ್ವಲ್ಪ ಮುಂಚೆ, ಅವನನ್ನು ಕೈಬಿಟ್ಟು ರಿಂಗೋ ಸ್ಟಾರ್‌ನನ್ನು ತಂದರು.